ಹಿಡಿಕೆ ಇಲ್ಲದ ಕಪ್

ಬಿಸ್ಕತ್ತು ಮುರಿಯಲಿಲ್ಲ, ಪುಡಿಯಾಯಿತು.

ಅಜ್ಜಿ ಟ್ರೇಯಿಂದ ಒಂದನ್ನು ಎತ್ತಿದ್ದಷ್ಟೇ. ಬೆರಳುಗಳ ಸಂದಿಯಿಂದ ಅದು ಉದುರಿ ಮೇಜಿನ ಮೇಲೆ ಬಿತ್ತು. ಅಜ್ಜಿ ಇನ್ನೊಂದನ್ನು ಎತ್ತಿದಳು. ಅದೂ ಅಷ್ಟೇ.

"ಬಿಡಮ್ಮಾ, ಚಮಚದಲ್ಲಿ ತಿಂದ್ರಾಯ್ತು," ಎಂದಳು ಅಮ್ಮ, ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಾ. ಅಮ್ಮ ಬಸ್ಸು ಓಡಿಸುತ್ತಾಳೆ. ಶನಿವಾರ ಅವಳಿಗೆ ಮಧ್ಯಾಹ್ನದ ಡ್ಯೂಟಿ. "ಹೊಸ ಐಟಮ್ ಅಂತ ಹೆಸರಿಡೋಣ. ಓಟ್ಸ್ ಪೌಡರ್!"

ಬೇರೆ ದಿನವಾಗಿದ್ದರೆ ಅಮ್ಮನ ತಮಾಷೆಗೆ ಅಜ್ಜಿ ಒಂದಕ್ಕೆರಡು ಸೇರಿಸಿ ತಿರುಗಿ ಕೊಡುತ್ತಿದ್ದಳು. ಈಗ ನಗಲೂ ಇಲ್ಲ. ಬೆರಳು ಮಡಿಸುತ್ತಾ ಎಣಿಸತೊಡಗಿದಳು.

"ಎರಡು ಕಪ್ ಓಟ್ಸ್. ಒಂದು ಕಪ್ ಮೈದಾ. ಮುಕ್ಕಾಲು ಕಪ್ ಸಕ್ಕರೆ. ಬೆಣ್ಣೆ ಒಂದು ಪೊಟ್ಟಣ, ಕರಗಿಸಿ. ಜೇನು ಎರಡು ಚಮಚ. ಬಿಸಿನೀರು ಎರಡು ಚಮಚ, ಅದರಲ್ಲಿ ಚಿಟಿಕೆ ಸೋಡಾ. ಏನಾದ್ರೂ ಬಿಟ್ಟೆನೇನೇ ಸೂಜಿ?"

"ಇಲ್ಲ ಅಜ್ಜಿ," ಎಂದಳು ಸೂಜಿ.

ಸೂಜಿಯ ನಿಜವಾದ ಹೆಸರು ಬೇರೆಯೇ ಇದೆ. ಅದು ಶಾಲೆಯ ಹಾಜರಿ ಪುಸ್ತಕದಲ್ಲಿ ಆರಾಮಾಗಿದೆ. ಅಜ್ಜಿ ಟೈಲರ್. ಮೊಮ್ಮಗಳು ಪುಟ್ಟದಾಗಿ, ಚೂಪಾಗಿ, ಎಲ್ಲಿ ಬೇಡವೋ ಅಲ್ಲೇ ಇರುತ್ತಿದ್ದುದರಿಂದ ಗುಂಡುಸೂಜಿ ಎಂದು ಕರೆದಳು. ಕರೆದು ಕರೆದು ಸವೆದು ಅದು ಸೂಜಿ ಆಯಿತು.

"ಹೋದ ವಾರಾನೂ ಹೀಗೇ ಆಯ್ತಲ್ವಾ?" ಅಜ್ಜಿ ಕೇಳಿದಳು.

"ಹೂಂ."

"ನಿಮ್ಮಮ್ಮ ನಿನ್ನಷ್ಟಿದ್ದಾಗಿಂದ ಮಾಡ್ತಿದೀನಿ ಕಣೆ. ಕಣ್ಣು ಮುಚ್ಚಿ ಮಾಡ್ತಿದ್ದೆ." ಅಜ್ಜಿ ಮೇಜಿನ ಮೇಲಿದ್ದ ಕಪ್ಪನ್ನು ಎತ್ತಿ ಹಿಡಿದಳು. ಬಿಳಿಯ ಪಿಂಗಾಣಿ ಕಪ್ಪು. ಬಾಯಿಯ ಸುತ್ತ ಒಂದು ನೀಲಿ ಗೆರೆ. ಹಿಡಿಕೆ ಇಲ್ಲ, ಹಿಡಿಕೆ ಇದ್ದ ಜಾಗದಲ್ಲಿ ಎರಡು ಮೊಂಡು ಗುರುತು. "ಈಗ ಈ ಕಪ್ಪೂ ಭಾರ ಅನ್ಸುತ್ತೆ. ಕೈಯಲ್ಲಿ ಶಕ್ತೀನೇ ಇಲ್ಲ."

ಸೂಜಿ ಕಪ್ಪನ್ನು ನೋಡಲಿಲ್ಲ. ಗೋಡೆಯನ್ನು ನೋಡಿದಳು. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಆ ಕಪ್ಪು ಅಜ್ಜಿಯದಲ್ಲ. ಅಂದರೆ, ಅಜ್ಜಿ ಅಂದುಕೊಂಡಿದ್ದ ಕಪ್ಪು ಅದಲ್ಲ. ಆ ವಿಷಯ ಇಡೀ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬಳು ಸೂಜಿ.

ಎರಡು ವಾರದ ಹಿಂದೆ ವಿಜ್ಞಾನದ ಟೀಚರ್ ಅಳತೆಯ ಪಾಠ ಶುರು ಮಾಡಿದ್ದರು. "ನಾಳೆ ಎಲ್ಲರೂ ಮನೆಯಿಂದ ಒಂದೊಂದು ಪಾತ್ರೆ ತನ್ನಿ. ಅದರಲ್ಲಿ ಎಷ್ಟು ನೀರು ಹಿಡಿಯುತ್ತೆ ಅಂತ ಜಾರ್‌ನಲ್ಲಿ ಅಳೆಯೋಣ," ಎಂದಿದ್ದರು. ಎಲ್ಲರೂ ಲೋಟ, ಡಬ್ಬ, ಬಾಟಲಿಯ ಮುಚ್ಚಳ ತಂದಿದ್ದರು. ಸೂಜಿ ಅಜ್ಜಿಯ ಬಿಸ್ಕತ್ತಿನ ಕಪ್ಪನ್ನು ಒಯ್ದಿದ್ದಳು. ಅಜ್ಜಿಯನ್ನು ಕೇಳಿರಲಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲ ಎಂಬುದು ಗೊತ್ತಿದ್ದರಿಂದಲೇ ಕೇಳಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ಕಪ್ಪಿನ ಚಿತ್ರ ಬರೆದು, ನೀಲಿ ಪೆನ್ಸಿಲ್‌ನಿಂದ ಗೆರೆ ಎಳೆದು, ಕೆಳಗೆ ಬರೆದಳು: ‘ನಮ್ಮ ಮನೆಯ ಕಪ್. 160 ಮಿ.ಲೀ.’ ಟೀಚರ್ ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ‘ಗುಡ್’ ಎಂದು ಬರೆದರು.

ಅಲ್ಲಿಯವರೆಗೆ ಎಲ್ಲ ‘ಗುಡ್’ ಆಗಿಯೇ ಇತ್ತು. ಆದರೆ ಕೊನೆಯ ಮೂರು ಮೆಟ್ಟಿಲುಗಳನ್ನು ಒಂದೇ ಸಲಕ್ಕೆ ಹಾರುವುದು ಸೂಜಿಯ ಹಳೆಯ ಚಾಳಿ. ಶಾಲೆ ಬಿಟ್ಟಾಗ ಹಾರಿದಳು. ಬ್ಯಾಗು ಗೋಡೆಗೆ ಬಡಿಯಿತು. ಒಳಗೆ ಠಣ್ ಎಂದಿತು. ತೆಗೆದು ನೋಡಿದರೆ ಐದು ಚೂರು.

"ಅಯ್ಯೋ, ಇಷ್ಟೇ ತಾನೇ?" ಎಂದಳು ಪಕ್ಕದಲ್ಲಿದ್ದ ಗೆಳತಿ. ಅವಳ ಮನೆಯವರದು ಪಿಂಗಾಣಿ ಸಾಮಾನಿನ ಅಂಗಡಿ. ಅದಕ್ಕೇ ಕ್ಲಾಸಿನವರೆಲ್ಲ ಅವಳನ್ನು ಪಿಂಗಾಣಿ ಎಂದೇ ಕರೆಯುವುದು. "ನಮ್ಮಂಗಡೀಲಿ ನೀಲಿ ಗೆರೆ ಕಪ್ಪು ರಾಶಿ ಬಿದ್ದಿದೆ. ಸೀಳು ಬಿಟ್ಟಿರೋದೂ ಇದೆ. ಅಪ್ಪ ಅದನ್ನ ಮಾರಲ್ಲ, ಕೇಳಿದ್ರೆ ಸುಮ್ನೆ ಕೊಡ್ತಾರೆ."

"ಆದ್ರೆ ನಮ್ಮ ಕಪ್ಪಿಗೆ ಹಿಡಿಕೆ ಇಲ್ವಲ್ಲೇ."

"ಹಿಡಿಕೆ ಇಲ್ದಿದ್ರೆ ಕೂರಿಸೋದು ಕಷ್ಟ. ಇದ್ರೆ ಮುರಿಯೋದು ಎಷ್ಟೊತ್ತು?"

ಇಬ್ಬರೂ ಅಂಗಡಿಯ ಹಿಂಬದಿಯ ಕಲ್ಲಿನ ಮೇಲೆ ಕುಳಿತು, ಬಟ್ಟೆ ಸುತ್ತಿ, ಕಲ್ಲಿನಿಂದ ಟಕ್ ಟಕ್ ಎಂದು ಕುಟ್ಟಿ ಹಿಡಿಕೆಯನ್ನು ಬೇರೆ ಮಾಡಿದರು. ಅಂಚು ಹೊಸದಾಗಿ ಕಾಣಬಾರದೆಂದು ಉಜ್ಜಿದರು. ಹಳೆಯದಾಗಿ ಕಾಣಲಿ ಎಂದು ಸ್ವಲ್ಪ ಟೀ ಡಿಕಾಕ್ಷನ್ ಕೂಡ ಹಚ್ಚಿದರು. ಅಷ್ಟು ಶ್ರದ್ಧೆಯಿಂದ ಅವರಿಬ್ಬರೂ ಶಾಲೆಯಲ್ಲಿ ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಸೂಜಿ ಕಪ್ಪನ್ನು ಅದರ ಜಾಗದಲ್ಲಿಟ್ಟಳು. ನೋಟ್‌ಬುಕ್ಕಿನ ಆ ಪುಟವನ್ನು ಪಕ್ಕದ ಪುಟಕ್ಕೆ ಗೋಂದು ಹಚ್ಚಿ ಅಂಟಿಸಿದಳು. ಮುಗಿಯಿತು ಎಂದುಕೊಂಡಳು.

ಮುಗಿದಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಸೂಜಿ ಅಡುಗೆಮನೆಗೆ ಹೋದಳು. ಕೆಮ್ಮಿನ ಸಿರಪ್ಪಿನ ಬಾಟಲಿಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದಲ್ಲ, ಹತ್ತು ಮಿಲಿಗೆ ಗೆರೆ ಇರುವಂಥದ್ದು, ಅದನ್ನು ತೊಳೆದುಕೊಂಡಳು. ಗೆರೆಯವರೆಗೆ ನೀರು ತುಂಬಿ ಒಂದೊಂದಾಗಿ ಕಪ್ಪಿಗೆ ಹಾಕಿದಳು. ಹದಿನಾರಕ್ಕೆ ಕಪ್ಪು ತುಂಬಬೇಕಿತ್ತು. ತುಂಬಲಿಲ್ಲ. ಹದಿನೇಳು, ಹದಿನೆಂಟು, ಇಪ್ಪತ್ತು. ಇಪ್ಪತ್ತೆರಡಕ್ಕೆ ತುಂಬಿತು.

ಸೂಜಿ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಯೋಚಿಸಿದಳು. ಕಪ್ಪು ದೊಡ್ಡದು. ಹಾಗಾಗಿ ಓಟ್ಸ್ ಹೆಚ್ಚು, ಮೈದಾ ಹೆಚ್ಚು, ಸಕ್ಕರೆ ಹೆಚ್ಚು. ಆದರೆ ಬೆಣ್ಣೆ ಅದೇ ಒಂದು ಪೊಟ್ಟಣ. ಜೇನು ಅದೇ ಎರಡು ಚಮಚ. ಒಣ ಸಾಮಾನು ಹೆಚ್ಚಾಗಿ, ಹಿಡಿದಿಡುವ ಜಿಡ್ಡು ಸಾಲದೆ ಹೋಗಿತ್ತು. ಉದುರದೆ ಇನ್ನೇನಾಗುತ್ತೆ?

ಅಜ್ಜಿಯ ಕೈಯದು ಏನೂ ತಪ್ಪಿರಲಿಲ್ಲ.

ಅಂದೇ ಹೇಳಿಬಿಡಬೇಕೆಂದು ಸೂಜಿ ಹೊರಟದ್ದು ನಿಜ. ಅಜ್ಜಿ ಎದ್ದು ಮುಖ ತೊಳೆದು ಬಂದಾಗ ಹತ್ತಿರ ಹೋಗಿ ನಿಂತಳು. ಬಾಯಿ ತೆರೆದಳು. ಆದರೆ ಹೊರಗೆ ಬಂದದ್ದು ಬೇರೆಯೇ ಮಾತು.

"ಅಜ್ಜಿ, ಆ ಕಪ್ಪೇ ಸರಿ ಇಲ್ವೇನೋ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದಳು ಅಜ್ಜಿ. "ನನ್ನ ಕೈ ತಪ್ಪಿದ್ದಕ್ಕೆ ಪಾಪ ಆ ಕಪ್ಪೇನು ಮಾಡೀತು? ನಿಮ್ಮಮ್ಮ ಬಿಸ್ಕತ್ತು ಕದಿಯೋಕೆ ಹೋಗಿ ಅದರ ಹಿಡಿಕೆ ಮುರಿದಾಗಿಂದ ನನ್ನ ಜೊತೆ ಇದೆ. ಅದು ನನಗೆ ಮೋಸ ಮಾಡಲ್ಲ."

ಇಷ್ಟು ಹೇಳಿದ ಮೇಲೆ ಸೂಜಿಗೆ ಇನ್ನೂ ಕಷ್ಟವಾಯಿತು.

ಬುಧವಾರ ಸಂಜೆ ಪಕ್ಕದ ಬೀದಿಯ ನರ್ಸಮ್ಮ ಬಟ್ಟೆಯ ಗಂಟು ಹಿಡಿದು ಬಂದರು. ದಪ್ಪನೆಯ ಬೂದುಬಣ್ಣದ ಉಣ್ಣೆ ಬಟ್ಟೆ. ಮೂಗಿಗೆ ತಾಗಿಸಿದರೆ ಹೊಸ ಬಟ್ಟೆಯ ವಾಸನೆ.

"ಟೈಲರಮ್ಮಾ, ಇದರಲ್ಲಿ ನನಗೊಂದು ಕೋಟು ಬೇಕು. ದೊಡ್ಡಾಸ್ಪತ್ರೇಲಿ ಕೆಲಸ ಸಿಕ್ತು. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಡ್ಯೂಟಿಗೆ ಸೇರಬೇಕು. ಇರೋದು ಇದೊಂದೇ ಪೀಸು. ನೀವಲ್ಲದೆ ಬೇರೆ ಯಾರ ಕೈಗೂ ಕೊಡಲ್ಲ."

ಅಜ್ಜಿಯ ಮುಖ ಅರಳಬೇಕಿತ್ತು. ಅರಳಲಿಲ್ಲ. ಟೇಪು ತೆಗೆದು ನರ್ಸಮ್ಮನ ಭುಜ ಅಳೆದಳು, ಬರೆದುಕೊಂಡಳು. ಮತ್ತೆ ಭುಜವನ್ನೇ ಅಳೆದಳು. ತೋಳು ಅಳೆದಳು. ಮೂರನೇ ಸಲ ಮತ್ತೆ ಭುಜ.

"ನಾನೇನು ದಪ್ಪ ಆಗ್ತಾ ಇದೀನಾ, ಅಳೀತಾ ಅಳೀತಾನೇ?" ಎಂದು ನರ್ಸಮ್ಮ ನಕ್ಕರು. ಅಜ್ಜಿಯೂ ನಕ್ಕಳು. ಅವಳು ಟೇಪಿನ ತುದಿಯನ್ನು ಬಿಗಿಯಾಗಿ ಹಿಡಿದದ್ದನ್ನು ಸೂಜಿ ಮಾತ್ರ ನೋಡಿದಳು. ಅಜ್ಜಿ ಒಂದು ಸಲ ಅಳೆದರೆ ಅಳೆದಂತೆ. ಎರಡನೇ ಸಲ ಅಳೆದದ್ದನ್ನು ಆ ಬೀದಿಯವರು ಯಾರೂ ನೋಡಿರಲಿಲ್ಲ.

ನರ್ಸಮ್ಮ ಹೋದ ಮೇಲೆ ಅಜ್ಜಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದಳು. ಸೀಮೆಸುಣ್ಣ ಕೈಗೆ ತೆಗೆದುಕೊಂಡಳು. ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಬಟ್ಟೆಯನ್ನು ಮಡಿಸಿ ಕಪಾಟಿನಲ್ಲಿ ಇಟ್ಟುಬಿಟ್ಟಳು.

"ನಾಳೆ ಕತ್ತರಿಸ್ತೀನಿ," ಎಂದಳು. ನಾಳೆಯೂ ಕತ್ತರಿಸಲಿಲ್ಲ.

ಶನಿವಾರ ಬಂತು. ಅಷ್ಟರಲ್ಲಿ ಸೂಜಿಯ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಯಾರಿಗೂ ಏನೂ ಹೇಳದೆ ಬಿಸ್ಕತ್ತನ್ನು ಸರಿ ಮಾಡಿಬಿಟ್ಟರೆ? ಬಿಸ್ಕತ್ತು ಸರಿಯಾದರೆ ಅಜ್ಜಿಯೂ ಸರಿಯಾಗುತ್ತಾಳೆ. ಕೋಲೂ ಮುರಿಯಬಾರದು, ಹಾವೂ ಸಾಯಬೇಕು.

ಅಜ್ಜಿ ಒಣ ಸಾಮಾನನ್ನೆಲ್ಲ ಬೋಗುಣಿಗೆ ಹಾಕಿ, ಒಲೆಯ ಮೇಲೆ ಬೆಣ್ಣೆ ಕರಗಿಸುತ್ತಿದ್ದಳು. ಯಾರೋ ಬಾಗಿಲು ತಟ್ಟಿದರು. "ನೋಡ್ಕೋತಿರೇ," ಎಂದು ಅಜ್ಜಿ ಹೋದಳು.

ಸೂಜಿ ಬೋಗುಣಿಯಿಂದ ಮೂರು ಹಿಡಿ ತೆಗೆದು ಕವರಿಗೆ ತುಂಬಿದಳು. ಸಾಕಾಗಲಿಲ್ಲ ಅನ್ನಿಸಿತು. ಇನ್ನೆರಡು ಹಿಡಿ ತೆಗೆದಳು. ಜಿಡ್ಡು ಸಾಲದಿದ್ದರೆ ಎಂದು ಎಣ್ಣೆಯ ಬಾಟಲಿ ಬಗ್ಗಿಸಿದಳು. ಬಾಟಲಿ ಅವಳು ಅಂದುಕೊಂಡದ್ದಕ್ಕಿಂತ ಧಾರಾಳಿಯಾಗಿತ್ತು.

ಅಜ್ಜಿ ಬಂದು ಬೆಣ್ಣೆ ಸುರಿದು ಕಲಸಿ, ಉಂಡೆ ಕಟ್ಟಿ ಓವನ್ನಿನಲ್ಲಿ ಇಟ್ಟಳು. ಕಾಲು ಗಂಟೆ ಬಿಟ್ಟು ತೆಗೆದಾಗ ಟ್ರೇಯಲ್ಲಿ ಬಿಸ್ಕತ್ತುಗಳಿರಲಿಲ್ಲ. ಹದಿನೆಂಟು ಉಂಡೆಗಳೂ ಹರಿದು, ಒಂದರ ಕೈ ಒಂದು ಹಿಡಿದುಕೊಂಡು, ಟ್ರೇ ತುಂಬ ಒಂದೇ ಒಂದು ದೊಡ್ಡ ಬಿಸ್ಕತ್ತಾಗಿ ಮಲಗಿದ್ದವು. ಅಂಚಿನಲ್ಲಿ ಎಣ್ಣೆ ಗುಳುಗುಳು ಎನ್ನುತ್ತಿತ್ತು.

ಸೂಜಿಗೆ ನಗು ಬರುವಂತಿತ್ತು. ಅಜ್ಜಿಯ ಮುಖ ನೋಡಿದ ಮೇಲೆ ಬರಲಿಲ್ಲ.

"ಹೋದ ವಾರ ಉದುರ್ತು," ಅಜ್ಜಿ ಮೆಲ್ಲಗೆ ಹೇಳಿದಳು. "ಈ ವಾರ ಹರೀತು. ಏನು ಹಾಕಿದೆ, ಎಷ್ಟು ಹಾಕಿದೆ ಅಂತಾನೇ ನನಗೆ ನೆನಪಿಲ್ಲ ಅಂತಾಯ್ತು." ಕುರ್ಚಿ ಎಳೆದುಕೊಂಡು ಕುಳಿತಳು. "ನಮ್ಮಕ್ಕಂಗೂ ಹೀಗೇ ಕಣೆ ಶುರುವಾಗಿದ್ದು. ಮೊದಲು ಸಾರಿಗೆ ಉಪ್ಪು ಎರಡು ಸಲ ಹಾಕಿದ್ಲು. ಎಲ್ಲಾ ನಕ್ವಿ. ಆಮೇಲೆ ಗ್ಯಾಸ್ ಆರಿಸೋದು ಮರೆತ್ಲು. ಕೊನೇಗೆ ನಾನು ಯಾರು ಅನ್ನೋದೇ ಮರೆತುಬಿಟ್ಲು."

ಹೇಳಬೇಕು, ಈಗ ಹೇಳಬೇಕು ಎಂದುಕೊಂಡಳು ಸೂಜಿ. ಆದರೆ ಈಗ ಹೇಳಬೇಕಾದದ್ದು ಒಂದಲ್ಲ, ಎರಡು. ಒಂದನ್ನು ಮುಚ್ಚಲು ಹೋಗಿ ಎರಡಾಗಿತ್ತು. ಅವಳು ಸ್ಪಂಜು ತೆಗೆದುಕೊಂಡು ಟ್ರೇ ಉಜ್ಜತೊಡಗಿದಳು. ಯಾರೂ ಹೇಳದೆ ಸೂಜಿ ಪಾತ್ರೆ ಉಜ್ಜಿದ್ದು ಅದೇ ಮೊದಲು. ಆದರೂ ಅಜ್ಜಿ ಅದನ್ನು ಗಮನಿಸಲಿಲ್ಲ.

ಸೋಮವಾರ ಶಾಲೆಯಿಂದ ಬಂದಾಗ ಹೊಲಿಗೆ ಮೆಷಿನ್ನಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಅಜ್ಜಿಯ ದೊಡ್ಡ ಕತ್ತರಿ ಗೋಡೆಯ ಮೊಳೆಯಲ್ಲಿ ಇರಲಿಲ್ಲ. ಅದಕ್ಕೆ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದಳು. ಮೇಜಿನ ಮೇಲೆ ನರ್ಸಮ್ಮನ ಬಟ್ಟೆಯ ಗಂಟು.

"ಇದನ್ನ ಕೊಟ್ಟು ಬಾ," ಎಂದಳು ಅಜ್ಜಿ. "ಅಜ್ಜಿಗೆ ಈಗ ಕೈ ಹಿಡಿತ ಇಲ್ವಂತೆ, ಬೇರೆ ಟೈಲರ್ ಹತ್ರ ಕೊಡಬೇಕಂತೆ ಅಂತ ಹೇಳು."

"ನೀನೇ ಹೊಲಿ ಅಜ್ಜಿ."

"ಇರೋದು ಒಂದೇ ಪೀಸು. ತಪ್ಪು ಕತ್ತರಿಸಿದ್ರೆ ಪಾಪ ಆ ಹುಡುಗಿ ಏನು ಹಾಕ್ಕೊಂಡು ಹೋಗ್ತಾಳೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ಹೋಗು, ಕತ್ತಲಾಗೋದರೊಳಗೆ ಬಾ."

ಸೂಜಿ ಗಂಟನ್ನು ಎದೆಗೆ ಅವುಚಿಕೊಂಡು ಇಳಿದಳು. ಕೊನೆಯ ಮೂರು ಮೆಟ್ಟಿಲುಗಳನ್ನು ಹಾರಲಿಲ್ಲ. ಒಂದೊಂದಾಗಿ ಇಳಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಾ ನಡೆದಳು. "ಅಜ್ಜಿಗೆ ಕೈ ಹಿಡಿತ ಇಲ್ವಂತೆ. ಅಜ್ಜಿಗೆ ಕೈ ಹಿಡಿತ ಇಲ್ವಂತೆ."

ನರ್ಸಮ್ಮನ ಮನೆಯ ಗೇಟಿನ ಬಳಿ ಬಂದಾಗ ಕಾಲು ನಿಂತಿತು.

ಇಲ್ಲಿಯವರೆಗೆ ಸೂಜಿ ಸುಳ್ಳು ಹೇಳಿರಲಿಲ್ಲ. ಸುಮ್ಮನಿದ್ದಳು, ಅಷ್ಟೇ. ಸುಮ್ಮನಿರುವುದು ಸುಳ್ಳಲ್ಲ ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಈಗ ಗೇಟು ತೆರೆದು, ಬೆಲ್ ಒತ್ತಿ, ಅದನ್ನು ತನ್ನ ಬಾಯಿಂದಲೇ ಹೇಳಬೇಕು. ಅಜ್ಜಿಯ ಕೈ ಸರಿಯಿಲ್ಲ ಅಂತ. ಸರಿಯಿದೆ ಎಂದು ಗೊತ್ತಿರುವ ಒಬ್ಬಳೇ ಒಬ್ಬಳು ಹೋಗಿ, ಸರಿಯಿಲ್ಲ ಅಂತ ಹೇಳಬೇಕು. ನಾಳೆ ನರ್ಸಮ್ಮ ಇನ್ನೊಬ್ಬರಿಗೆ ಹೇಳುತ್ತಾರೆ. ಅವರು ಮತ್ತೊಬ್ಬರಿಗೆ. ಇಡೀ ಬೀದಿಗೆ ಅದೇ ನಿಜವಾಗಿಬಿಡುತ್ತದೆ.

ಕಿಟಕಿಯಿಂದ ನರ್ಸಮ್ಮ ನೋಡಿದರು. "ಏನೇ ಸೂಜಿ, ಕೋಟು ಆಗೇ ಹೋಯ್ತಾ?"

"ಇಲ್ಲ ಆಂಟಿ! ಆಗುತ್ತೆ!" ಎಂದು ಕೂಗಿ ಸೂಜಿ ಬಂದ ದಾರಿಯಲ್ಲೇ ಓಡಿದಳು.

ಅಜ್ಜಿ ಕಿಟಕಿಯ ಬಳಿ ಸುಮ್ಮನೆ ಕುಳಿತಿದ್ದಳು. ಕೈಗಳು ಮಡಿಲಲ್ಲಿದ್ದವು. ಕೆಲಸವಿಲ್ಲದ ಅಜ್ಜಿಯ ಕೈಗಳನ್ನು ಸೂಜಿ ಅದುವರೆಗೆ ನೋಡಿರಲಿಲ್ಲ.

"ಕೊಡಲಿಲ್ವಾ? ಮನೇಲಿರಲಿಲ್ವಾ ಅವಳು?"

"ಅಜ್ಜಿ, ನಿನ್ನ ಕೈ ಸರಿಯಾಗಿದೆ. ಕಪ್ಪು ಬೇರೆ." ಒಂದೇ ಉಸಿರಿಗೆ ಬಂತು. "ನಿನ್ನ ಕಪ್ಪು ಒಡೆದುಹೋಯ್ತು. ನಾನೇ ಒಡೆದೆ. ಇದು ಪಿಂಗಾಣಿ ಅಂಗಡೀದು."

ಅಜ್ಜಿ ಅರ್ಥವಾಗದವಳಂತೆ ನೋಡಿದಳು. ಸೂಜಿ ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಅಂಟಿಸಿದ್ದ ಪುಟಗಳನ್ನು ಬಿಡಿಸಲು ಹೋದಳು. ಗೋಂದು ಚೆನ್ನಾಗಿಯೇ ಹಿಡಿದಿತ್ತು. ಪುಟ ಚರ್ರನೆ ಹರಿಯಿತು. ಕಪ್ಪಿನ ಚಿತ್ರ ಅರ್ಧ ಅಲ್ಲಿ, ಅರ್ಧ ಇಲ್ಲಿ. ಆದರೆ 160 ಸರಿಯಾಗಿ ಉಳಿದಿತ್ತು. ‘ಗುಡ್’ ಕೂಡ.

ಕಪ್ಪು ತಂದಳು. ನೀರು ತಂದಳು. ಸಿರಪ್ಪಿನ ಮುಚ್ಚಳ ತಂದಳು. ಅಜ್ಜಿಯ ಎದುರಿಗೆ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹಾಕಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ಹದಿನಾರು," ಎಂದಳು ಸೂಜಿ. "ನಿನ್ನ ಕಪ್ಪು ಇಲ್ಲಿಗೆ ತುಂಬಿತ್ತು. ಇದು ನೋಡು."

ನೀರು ನೀಲಿ ಗೆರೆಯಿಂದ ಒಂದು ಬೆರಳಿಗೂ ಹೆಚ್ಚು ಕೆಳಗಿತ್ತು.

ಅಜ್ಜಿ ಹಿಡಿಕೆ ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಕಪ್ಪನ್ನು ತಿರುಗಿಸಿ ನೋಡಿದಳು. ಕೈಯಲ್ಲಿ ತೂಗಿ ನೋಡಿದಳು. "ಅದಕ್ಕೇ ಭಾರ," ಎಂದಳು. "ಮತ್ತೆ ಮೊನ್ನೆ ಶನಿವಾರ? ಅದು ಯಾಕೆ ಹರೀತು?"

"ಐದು ಹಿಡಿ ತೆಗೆದೆ. ಎಣ್ಣೇನೂ ನಾನೇ ಹಾಕಿದ್ದು."

"ಅದೂ ನೀನೇನಾ!"

ಅಜ್ಜಿ ಕುರ್ಚಿಗೆ ಒರಗಿದಳು. ಕಣ್ಣು ಮುಚ್ಚಿದಳು. "ನೆಲಾನೇ ಡೊಂಕಿತ್ತು," ಎಂದಳು ಮೆಲ್ಲಗೆ. "ನೆಲಾನೇ ಡೊಂಕಿತ್ತಲ್ಲೇ!" ಅವಳ ಹೊಟ್ಟೆ ಅಲುಗತೊಡಗಿತು. ನಗುತ್ತಿದ್ದಾಳೆ ಎಂದುಕೊಂಡು ಸೂಜಿಯೂ ನಗಲು ಹೊರಟಳು. ಆಗ ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಪ್ಪು ಒಡೆದೆ ಅಂದಿದ್ರೆ ಒಂದು ಸಲ ಕಿವಿ ಹಿಂಡ್ತಿದ್ದೆ, ಮುಗೀತಿತ್ತು," ಎಂದಳು. "ಮೂರು ವಾರ ಕಣೆ. ದಿನಾ ಬೆಳಿಗ್ಗೆ ಎದ್ದು ಕೂತ್ಕೊಂಡು ನೋಡ್ಕೋತಿದ್ದೆ. ನನ್ನ ಹೆಸರೇನು, ಮನೆ ನಂಬರ್ ಎಷ್ಟು, ನಿಮ್ಮಮ್ಮ ಹುಟ್ಟಿದ್ದು ಯಾವ ದಿನ. ಎಲ್ಲಾ ನೆನಪಿದೆಯಾ, ಇವತ್ತು ಯಾವುದು ಹೋಯ್ತು ಅಂತ. ದಿನಾ."

ಸೂಜಿಗೆ ಇದು ಗೊತ್ತಿರಲಿಲ್ಲ. ಬಿಸ್ಕತ್ತು ಹಾಳಾದದ್ದು ಗೊತ್ತಿತ್ತು, ಕೋಟು ನಿಂತದ್ದು ಗೊತ್ತಿತ್ತು. ತಾನು ಹೊದ್ದು ಮಲಗಿರುತ್ತಿದ್ದಾಗ ಪಕ್ಕದ ಹಾಸಿಗೆಯಲ್ಲೇ ಅಜ್ಜಿ ಹೀಗೆ ಕೂತಿರುತ್ತಿದ್ದದ್ದು ಗೊತ್ತಿರಲಿಲ್ಲ. ಅವಳು ಜೋರಾಗಿ ಅತ್ತಳು. ಸಾಮಾನ್ಯವಾಗಿ ಸೂಜಿ ಅತ್ತರೆ ಅಜ್ಜಿ ಹತ್ತಿರ ಎಳೆದುಕೊಳ್ಳುತ್ತಾಳೆ. ಅಂದು ಎಳೆದುಕೊಳ್ಳಲಿಲ್ಲ. ಎದ್ದು ಒಳಗೆ ಹೋದಳು.

ಊಟದ ಹೊತ್ತಿಗೆ ಅಮ್ಮನಿಗೂ ಎಲ್ಲ ಗೊತ್ತಾಯಿತು. ಅಮ್ಮ ಗದರಲಿಲ್ಲ. ತಟ್ಟೆ ತೊಳೆಯುವಾಗ ಸೂಜಿಯ ಪಕ್ಕ ನಿಂತು ಹೇಳಿದಳು.

"ನಾನು ಹಿಡಿಕೆ ಮುರಿದಾಗ ಅಜ್ಜಿ ಎರಡು ದಿನ ಮಾತಾಡಿಸಲಿಲ್ಲ."

"ಮೂರನೇ ದಿನ?"

"ಮೂರನೇ ದಿನ ಬಿಸ್ಕತ್ತು ಮಾಡಿದ್ಲು."

ಸೂಜಿ ಹಾಸಿಗೆಯಲ್ಲಿ ಮಲಗಿ ಲೆಕ್ಕ ಹಾಕಿದಳು. ಒಂದು ಹಿಡಿಕೆಗೆ ಎರಡು ದಿನವಾದರೆ ಒಂದು ಇಡೀ ಕಪ್ಪು, ಐದು ಹಿಡಿ ಹಿಟ್ಟು, ಅರ್ಧ ಬಾಟಲಿ ಎಣ್ಣೆ, ಮೂರು ವಾರ, ಇಷ್ಟಕ್ಕೆ ಎಷ್ಟು ದಿನ? ಉತ್ತರ ದೊಡ್ಡದಾಗಿಯೇ ಬರುವಂತಿತ್ತು. ಅರ್ಧಕ್ಕೇ ಬಿಟ್ಟಳು.

ಮಂಗಳವಾರ ಇಡೀ ದಿನ ಅಜ್ಜಿ ಮಾತಾಡಿಸಲಿಲ್ಲ. ಬುಧವಾರ ಸಂಜೆ ಸೂಜಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅಡುಗೆಮನೆಯಿಂದ ದನಿ ಬಂತು.

"ನಿಮ್ಮಮ್ಮನ ನೇಲ್ ಪಾಲಿಶ್ ತಗೊಂಡು ಬಾ. ಆ ಮುಚ್ಚಳಾನೂ ತಾ."

ಸೂಜಿ ಓಡಿದಳು. ಅಜ್ಜಿ ಮುಖ ಗಂಟು ಹಾಕಿಕೊಂಡೇ ಇದ್ದಳು. ಸೂಜಿ ಹದಿನಾರು ಮುಚ್ಚಳ ನೀರು ಹಾಕಿದಳು. ನೀರು ನಿಂತ ಮಟ್ಟಕ್ಕೆ ಅಜ್ಜಿ ಕಪ್ಪಿನ ಒಳಗೆ ಸಣ್ಣದೊಂದು ಕೆಂಪು ಚುಕ್ಕೆ ಇಟ್ಟಳು. ಒಣಗಲು ಬಿಟ್ಟರು. ಇಬ್ಬರೂ ಚುಕ್ಕೆಯನ್ನೇ ನೋಡುತ್ತಾ ಕುಳಿತರು.

"ಶನಿವಾರ ಅಲ್ವಲ್ಲ ಅಜ್ಜಿ ಇವತ್ತು," ಎಂದು ಸೂಜಿ ಅಂಜುತ್ತಾ ಕೇಳಿದಳು.

"ನರ್ಸಮ್ಮನ ಕೋಟು ಶನಿವಾರದವರೆಗೆ ಕಾಯುತ್ತೇನೇ? ನೀನು ಹೇಳಿದ್ದು ನಿಜವೋ ಅಲ್ವೋ ಅಂತ ಮೊದಲು ನನ್ನ ಕೈಗೆ ಗೊತ್ತಾಗಬೇಕು."

ಚುಕ್ಕೆಯವರೆಗೆ ಎರಡು ಕಪ್ ಓಟ್ಸ್. ಚುಕ್ಕೆಯವರೆಗೆ ಒಂದು ಕಪ್ ಮೈದಾ. ಅಜ್ಜಿ ಬೆಣ್ಣೆ ಸುರಿದು ಕಲಸಿದಳು. ಅರ್ಧಕ್ಕೆ ಕೈ ನಿಂತಿತು. ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿ, ಬಿಟ್ಟು ನೋಡಿದಳು. ಉಂಡೆ ಉಂಡೆಯಾಗಿಯೇ ಉಳಿಯಿತು. ಆಮೇಲೆ ಬೇಗ ಬೇಗ ಉಂಡೆ ಕಟ್ಟಿದಳು, ಮೊದಲಿನ ಹಾಗೆ, ಟ್ರೇಯನ್ನು ನೋಡದೆಯೇ.

ಕಾಲು ಗಂಟೆಗೆ ಹದಿನೆಂಟು ಬಿಸ್ಕತ್ತು ಹೊರಬಂದವು. ಆರಿದ ಮೇಲೆ ಅಜ್ಜಿ ಒಂದನ್ನು ಎತ್ತಿದಳು. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಳು. ಕಟಕ್.

ಎರಡೇ ತುಂಡು. ಒಂದನ್ನು ಸೂಜಿಯ ಕಡೆ ಚಾಚಿದಳು. ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡು, ಕೈ ಒರೆಸಿಕೊಂಡು ಹೊರಗಿನ ಕೋಣೆಗೆ ನಡೆದಳು.

ಸೂಜಿ ಹಿಂದೆಯೇ ಹೋದಳು. ಮೆಷಿನ್ನಿನ ಮೇಲಿನ ಬೆಡ್‌ಶೀಟು ನೆಲಕ್ಕೆ ಬಿದ್ದಿತ್ತು. ಅಜ್ಜಿ ಕತ್ತರಿಗೆ ಕಟ್ಟಿದ್ದ ದಾರವನ್ನು ಬಿಚ್ಚುತ್ತಿದ್ದಳು. ನರ್ಸಮ್ಮನ ಬಟ್ಟೆ ಮೇಜಿನ ಮೇಲೆ ಉದ್ದಕ್ಕೆ ಹರಡಿತ್ತು, ಒಂದು ಸುಕ್ಕೂ ಇಲ್ಲದೆ.

"ಟೇಪು ಹಿಡಿ," ಎಂದಳು ಅಜ್ಜಿ. "ಈ ಅಂಚಿಂದ ನಾನು ಹಾಕಿರೋ ಗುರುತಿನ ತನಕ. ನನ್ನ ಕನ್ನಡಕ ಒಳಗಿದೆ. ಎಷ್ಟಿದೆ, ನೀನೇ ಓದಿ ಹೇಳು."

ಸೂಜಿಯ ಒಂದು ಕೈಯಲ್ಲಿ ಅರ್ಧ ಬಿಸ್ಕತ್ತು ಇತ್ತು. ಅದನ್ನು ಕಿಟಕಿಯ ಮೇಲೆ ಇಟ್ಟಳು. ಬೆರಳಿನ ಬೆಣ್ಣೆ ಬಟ್ಟೆಗೆ ತಾಗೀತೆಂದು ಲಂಗಕ್ಕೆ ಒರೆಸಿಕೊಂಡಳು. ಟೇಪು ಎಳೆದು ಬಿಗಿ ಹಿಡಿದು ಓದಿದಳು. ಹೇಳಲಿಲ್ಲ. ಬಗ್ಗಿ, ಮೂಗು ಟೇಪಿಗೆ ತಾಗುವಷ್ಟು ಹತ್ತಿರ ಹೋಗಿ, ಮತ್ತೊಮ್ಮೆ ಓದಿದಳು. ಇರುವುದು ಇದೊಂದೇ ಪೀಸು.

"ಮೂವತ್ತೆಂಟು ಇಂಚು, ಅಜ್ಜಿ. ಮೂವತ್ತೆಂಟೂ ಕಾಲು."

"ಕಾಲು?"

"ಕಾಲು."

ಅಜ್ಜಿ ಕನ್ನಡಕ ತರಲು ಹೋಗುತ್ತಾಳೆ ಎಂದು ಸೂಜಿ ದಾರಿ ಬಿಟ್ಟು ನಿಂತಳು. ಅಜ್ಜಿ ಹೋಗಲಿಲ್ಲ. ಟೇಪನ್ನು ಮತ್ತೆ ಮುಟ್ಟಲೂ ಇಲ್ಲ. ಸೂಜಿ ಅಳೆದ ಗುರುತಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಕತ್ತರಿಯ ಬಾಯಿ ತೆರೆದಳು.

ಕರ್ರ್, ಕರ್ರ್ ಎಂದು ಕತ್ತರಿ ಬೂದುಬಣ್ಣದ ಬಟ್ಟೆಯೊಳಗೆ ಸಾಗಿತು. ಮನೆಯಲ್ಲಿ ಎಷ್ಟು ದಿನದಿಂದ ಈ ಸದ್ದೇ ಇರಲಿಲ್ಲ ಎಂಬುದು ಸೂಜಿಗೆ ಆಗ ತಿಳಿಯಿತು. ಅವಳು ಬಟ್ಟೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕತ್ತರಿ ಆಚೆಯ ಅಂಚು ಮುಟ್ಟುವವರೆಗೂ ಅಲುಗಾಡದೆ ನಿಂತಿದ್ದಳು.